ತೊಂಬತ್ತಮೂರರ ಗೆರೆ

ಲೀಲಂಡ್ ಹೌಕ್ ನನಗೆ ಎಂದೂ ಇಷ್ಟವಾದ ಮನುಷ್ಯನಲ್ಲ. ಶಾಲೆಯಲ್ಲಿ ನನಗಿಂತ ಎರಡು ತರಗತಿ ಕೆಳಗಿದ್ದ. ಆಗಲೂ ಯಾರು ಏನು ಹೇಳಿದರೂ ಮೊದಲು "ತಪ್ಪು" ಎನ್ನುತ್ತಿದ್ದ, ಹೇಳಿದ್ದೇನೆಂದು ಆಮೇಲೆ ಕೇಳುತ್ತಿದ್ದ. ಅಣೆಕಟ್ಟಿನಲ್ಲಿ ದೋಣಿಗಳನ್ನು ಏರಿಸಿ ಇಳಿಸುವ ಗೇಟಿನ ಬಳಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತನಾದ ಮೇಲೆ, ಮಿಸಿಸಿಪ್ಪಿ ದಡದ ನಮ್ಮ ಪೋರ್ಟ್ ಆಂಬ್ರೋಸಿಗೆ ಬರುವ ಪ್ರವಾಸಿಗರಿಗೆ ಪ್ರವಾಸಿ ಸಮಿತಿಯ ಪರವಾಗಿ ಊರು ತೋರಿಸುವ ಕೆಲಸ ಹಿಡಿದ. ಜನರನ್ನು ಕಂಡರಾಗದವನಿಗೆ ಈ ಕೆಲಸ ಯಾಕೆ ಎಂದು ಊರಿನವರು ನಕ್ಕರು. ಎದುರು ಮಾತಿಲ್ಲದೆ ಇಪ್ಪತ್ತು ಜನ ಎರಡು ಗಂಟೆ ತನ್ನ ಮಾತು ಕೇಳುವ ಕೆಲಸ ಅವನಿಗೆ ಬೇರೆಲ್ಲಿ ಸಿಗುತ್ತಿತ್ತು?

ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಸೇಂಟ್ ಪಾಲ್ ಕಡೆಯಿಂದಲೋ ಸೇಂಟ್ ಲೂಯಿಸ್ ಕಡೆಯಿಂದಲೋ ಹಡಗು ಬಂದು ನಮ್ಮ ದಡಕ್ಕೆ ಕಟ್ಟಿಕೊಳ್ಳುತ್ತದೆ. ಮೂರು ಗಂಟೆಯ ಮಟ್ಟಿಗೆ ಜನ ಇಳಿಯುತ್ತಾರೆ. ಎಲ್ಲರ ಕೊರಳಲ್ಲೂ ಹಡಗಿನವರು ಕೊಟ್ಟ ಚೀಟಿ, ಕಾಲಲ್ಲಿ ಹೊಚ್ಚ ಹೊಸ ಬಿಳಿ ಬೂಟು. ಅವರಲ್ಲೊಬ್ಬಾಕೆ, ಒಹಾಯೋದವಳು, ಒಮ್ಮೆ ದಡದಲ್ಲೇ ನಿಂತು ಮೂಗು ಮುರಿದಳು.

"ಇದೇನ್ರೀ ಮಿಸಿಸಿಪ್ಪಿ? ಇಷ್ಟು ಕೊಳಕಾ? ಹಡಗಿನವರ ಪುಸ್ತಕದಲ್ಲಿ ನೀಲಿಯಾಗಿತ್ತು."

"ಹಾಗಾದ್ರೆ ಪುಸ್ತಕ ನೋಡ್ಕೊಂಡು ಮನೇಲೇ ಇರ್ಬೇಕಿತ್ತು ಮೇಡಂ," ಎಂದ ಲೀಲಂಡ್. "ಅದು ಕೊಳಕಲ್ಲ, ಮಣ್ಣು. ಅರ್ಧ ಅಯೋವಾ ಅದರಲ್ಲೇ ಹರ್ಕೊಂಡ್ ಹೋಗ್ತಿದೆ. ಮುಂದಕ್ಕೆ ನಡೀರಿ, ಹಿಂದಿನೋರಿಗೆ ದಾರಿ ಬಿಡಿ."

"ಇಲ್ಲಿ ಶೌಚಾಲಯ ಎಲ್ಲಿದೆ?" ಎಂದು ಅವಳ ಗಂಡ ಕೇಳಿದ.

"ಹಡಗಲ್ಲಿ ನಲವತ್ತಿದಾವೆ. ಅವನ್ನ ಬಿಟ್ಟು ಬಂದೋರು ನೀವು."

ಕೆಲವರು ದೂರು ಬರೆದರು. ಉಳಿದವರು ಇದೂ ಊರಿನ ಒಂದು ಆಟವೆಂದುಕೊಂಡು ನಕ್ಕು, ಹೋಗುವಾಗ ಅವನ ಕೈ ಕುಲುಕಿದರು. ದೂರು ಬರೆದವರಿಗಿಂತ ಈ ನಗುವವರನ್ನು ಕಂಡರೆ ಅವನಿಗೆ ಹೆಚ್ಚು ಕೋಪ.

ಅವನ ನಿಜವಾದ ಕೆಲಸ ಬೇರೆಯೇ ಇತ್ತು. ದಿನವೂ ಬೆಳಿಗ್ಗೆ ಏಳಕ್ಕೆ ಸೇತುವೆಯ ಕಂಬಕ್ಕೆ ಬಡಿದಿರುವ ಅಳತೆಪಟ್ಟಿಯಲ್ಲಿ ನೀರಿನ ಮಟ್ಟ ಓದಿ ಹವಾಮಾನ ಇಲಾಖೆಗೆ ಫೋನು ಮಾಡುವುದು. ಮೊದಲು ಅವನ ಅಪ್ಪ ಮಾಡುತ್ತಿದ್ದರು. ಅಪ್ಪನ ಮಂಡಿ ಹೋದ ಮೇಲೆ ಇವನು. ಜ್ವರವಿದ್ದರೂ, ಹಿಮ ಬಿದ್ದರೂ, ಹೆಂಡತಿ ತೀರಿಕೊಂಡ ಬೆಳಿಗ್ಗೆಯೂ ಹೋಗಿ ಓದಿ ಬಂದ. ಆ ದಿನ ಹೋದದ್ದನ್ನು ಊರು ಇಂದಿಗೂ ಆಡಿಕೊಳ್ಳುತ್ತದೆ. ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ. ಅವಳು ತೀರಿಹೋಗಿದ್ದಳು, ನೀರು ಏರುತ್ತಿತ್ತು.

ಆದರೆ ಇಲಾಖೆ ಹೇಳುವ ಅಂಕಿ ನಮ್ಮಲ್ಲಿ ಯಾರಿಗೂ ಬೇಕಿಲ್ಲ. ಇಪ್ಪತ್ತು ಅಡಿ ಎಂದರೆ ಎಲ್ಲಿಂದ ಇಪ್ಪತ್ತು? ಆ ಸೊನ್ನೆ ನದಿಯ ಹೊಟ್ಟೆಯಲ್ಲೆಲ್ಲೋ ಇದೆ, ನೋಡಿದವರಿಲ್ಲ. ನಮ್ಮಲ್ಲಿ ನೆರೆಯ ಮಾತು ಬಂದಾಗ ಕೇಳುವುದು ಒಂದೇ: "ತೊಂಬತ್ತಮೂರಕ್ಕಿಂತ ಎಷ್ಟು ಕೆಳಗೆ?" ತೊಂಬತ್ತಮೂರು ಎಂದರೆ ೧೯೯೩ರ ಮಹಾನೆರೆ. ಉತ್ತರ ಸಿಕ್ಕಿದ ಮೇಲೆ ನದಿಯ ಪಕ್ಕದ ಫ್ರಂಟ್ ಸ್ಟ್ರೀಟಿನ ಹಳೆಯ ಬೀಜದಂಗಡಿಯ ಮೂಲೆಗೆ ಹೋಗಿ, ಅಲ್ಲಿನ ಕಲ್ಲಿನಲ್ಲಿರುವ ತೊಂಬತ್ತಮೂರರ ಗೆರೆ ನೋಡಿ, ಅಷ್ಟು ಅಡಿ ಕೆಳಕ್ಕೆ ಕಣ್ಣಲ್ಲೇ ಇಳಿಸಿ, ನೀರು ಅಲ್ಲಿಗೆ ಬರುತ್ತದೆಂದು ತಿಳಿದು, ಸಾಮಾನು ಅದಕ್ಕಿಂತ ಮೇಲಕ್ಕೆ ಸಾಗಿಸುವುದು. ಆ ಗೆರೆಯನ್ನು ಕೊರೆದವನು ಲೀಲಂಡ್. ಆ ವರ್ಷದ ಜುಲೈನಲ್ಲಿ ನೀರು ಅತಿ ಎತ್ತರಕ್ಕೆ ನಿಂತ ದಿನ ಚಪ್ಪಟೆ ತಳದ ದೋಣಿಯಲ್ಲಿ ನಿಂತು ಉಳಿಯಿಂದ ಕೊರೆದ. ಅದರ ಕೆಳಗಿದ್ದ ಅರವತ್ತೈದರ ನೆರೆಯ ಗೆರೆ ಅವನ ಅಪ್ಪ ಕೊರೆದದ್ದು.

ತೊಂಬತ್ತಮೂರರ ನಂತರ ಫ್ರಂಟ್ ಸ್ಟ್ರೀಟಿನ ಹಳಬರು ಅಂಗಡಿ ಮಾರಿ ಗುಡ್ಡದ ಮೇಲಕ್ಕೆ ಹೋದರು. ಕೆಳಗೆ ಹೊಸಬರು ಬಂದರು: ಸೋಪಿನ ಅಂಗಡಿ, ಮೇಣದಬತ್ತಿ, ಹಳೆಯ ಅಂಗಿಗುಂಡಿ ಕಾರ್ಖಾನೆ ಬಿಟ್ಟುಹೋದ ಕಪ್ಪೆಚಿಪ್ಪು ಕಟ್ಟಿದ ಕಿವಿಯೋಲೆ. ಬೀಜದಂಗಡಿಯನ್ನು ಪ್ರವಾಸಿ ಸಮಿತಿ ಕೊಂಡು ಪ್ರವಾಸಿಗರಿಗೆ ನೆನಪಿನ ಸಾಮಾನು ಮಾರುವ ಅಂಗಡಿ ಮಾಡಿತು. ಸಮಿತಿಯ ಅಧ್ಯಕ್ಷೆ ಕೊರಿನ್ ವ್ಯಾಂಡವೀರ್ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಬುದ್ಧಿವಂತೆ, ಕೆಲಸಗಾತಿ; ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದಿದ್ದಾಗ ಪುಟವನ್ನು ಅಂದವಾಗಿ ಅಲಂಕರಿಸುತ್ತಿದ್ದಳು. ಗೋಡೆ ದುರಸ್ತಿ ಮಾಡಿಸುವಾಗ ಅವಳು ಗೆರೆಯ ಕಲ್ಲನ್ನು ಕೀಳಿಸಿ ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಇಡಿಸಿದಳು. ಹೊರಗೆ, ಅದೇ ಮೂಲೆಯಲ್ಲಿ, ಹಿತ್ತಾಳೆಯ ಫಲಕ ಹಾಕಿಸಿದಳು: ಅಲೆಯ ಚಿತ್ರ, ಬಾಣದ ಗುರುತು, ೧೯೯೩. ಕಲ್ಲು ಇದ್ದದ್ದು ನೆಲದಿಂದ ಏಳೂವರೆ ಅಡಿ ಮೇಲೆ. ಫಲಕ ಬಂದದ್ದು ಐದಡಿಯಲ್ಲಿ. ಪ್ರವಾಸಿಗರು ಅದರ ಪಕ್ಕ ಮುಖವಿಟ್ಟು ಫೋಟೋ ತೆಗೆಸಿಕೊಳ್ಳಬೇಕಲ್ಲ.

ಇದಕ್ಕೆ ಒಪ್ಪಿಗೆ ಕೊಟ್ಟದ್ದು ಊರಿನ ಪಾರಂಪರಿಕ ಕಟ್ಟಡಗಳ ಮಂಡಳಿ. ಏಳು ಜನರಲ್ಲಿ ಏಳೂ ಜನ ಕೈ ಎತ್ತಿದೆವು. ಒಂದು ಕೈ ನನ್ನದು. ನಲವತ್ತು ವರ್ಷ ಇತಿಹಾಸ ಕಲಿಸಿದವಳಿಗೆ ಎತ್ತರದ ಪ್ರಶ್ನೆ ಹೊಳೆಯಲೇ ಇಲ್ಲ. ಫಲಕದ ಕೆಳಗಿನ ಬರಹದಲ್ಲಿ ಎರಡು ಅಲ್ಪವಿರಾಮ ತಿದ್ದಿಕೊಟ್ಟು ಮನೆಗೆ ಬಂದೆ.

ಮುಂದಿನ ಬೇಸಿಗೆಯಿಡೀ ಲೀಲಂಡ್ ಪ್ರತಿ ತಂಡವನ್ನೂ ಆ ಮೂಲೆಯಲ್ಲಿ ನಿಲ್ಲಿಸಿದ.

"ಇದೊಂದು ಸುಳ್ಳು," ಎನ್ನುತ್ತಿದ್ದ ಫಲಕವನ್ನು ಬೆರಳಲ್ಲಿ ಕುಟ್ಟಿ. "ನೀರು ಬಂದಿದ್ದು ಅಗೋ ಅಲ್ಲಿಗೆ, ಬಾಗಿಲ ಕಮಾನಿಂದ ನಾಲ್ಕು ಇಟ್ಟಿಗೆ ಕೆಳಗೆ. ನಿಮ್ಮ ಮೂತಿ ಚೆನ್ನಾಗಿ ಬರ್ಲಿ ಅಂತ ನದೀನ ಎರಡೂವರೆ ಅಡಿ ಇಳಿಸಿದಾರೆ."

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಕೊರಿನ್ ಅಂಗಡಿಯ ಒಳಗಿಂದ ಇದನ್ನು ಕೇಳಿಸಿಕೊಂಡು ಹೊರಗೆ ಬಂದಳು. ನಾನು ಎದುರಿನ ಅಂಚೆ ಕಚೇರಿಯ ಮೆಟ್ಟಿಲ ಮೇಲಿದ್ದೆ.

"ಲೀಲಂಡ್, ಎಷ್ಟು ಸಲ ಹೇಳ್ಬೇಕು ನಿಮಗೆ? ಇವರು ರಜೆಗೆ ಬಂದಿರೋರು."

"ರಜೆಗೆ ಬಂದೋರಿಗೆ ಸುಳ್ಳು ಹೇಳ್ಬಹುದಾ?"

"ಸುಳ್ಳು ಯಾವುದು? ರಸ್ತೆ ಎತ್ತರಿಸಿಲ್ವಾ? ಹೊಸ ಫುಟ್‌ಪಾತ್ ಹಾಕಿಲ್ವಾ? ಈಗ ಎಲ್ಲ ಸರಿಹೋಗತ್ತೆ."

"ಎತ್ತರಿಸಿದ್ದು ಆರು ಇಂಚು ಕಣಮ್ಮ. ಅದನ್ನ ಕಳೆದೇ ಏಳೂವರೆ ಅಂತಿರೋದು. ನಿನಗೆ ಲೆಕ್ಕ ಕಲಿಸಿದೋರು ಯಾರು?"

"ಕಾಗದದ ಮೇಲೆ ಬರೆದು ಕೊಡಿ, ನೋಡೋಣ."

"ಏಳು ಕಾಗದ ಬರೆದಿದೀನಿ!"

"ಏಳರಲ್ಲೂ ನನ್ನನ್ನ ಬೈದಿದೀರಿ. ಎರಡನೇ ಸಾಲು ದಾಟಿ ಯಾರು ಓದ್ತಾರೆ?" ಎಂದಳು ಕೊರಿನ್. ಪ್ರವಾಸಿಗರಲ್ಲಿ ಒಬ್ಬ ಇದನ್ನೆಲ್ಲ ಫೋನಿನಲ್ಲಿ ಸೆರೆಹಿಡಿಯುತ್ತಿದ್ದುದನ್ನು ಕಂಡು ಅವಳ ಮುಖ ಕೆಂಪಾಯಿತು. "ನಾಳೆಯಿಂದ ನೀವು ಬರೋದು ಬೇಡ. ಆ ಟೋಪಿ ಕೊಟ್ಟುಬಿಡಿ."

ಸಮಿತಿಯ ಹೆಸರಿದ್ದ ಟೋಪಿಯನ್ನು ಅವನು ಫಲಕದ ಮೂಲೆಗೆ ಸಿಕ್ಕಿಸಿ ನಡೆದುಹೋದ. ಪ್ರವಾಸಿಗರು ಅದನ್ನೂ ಫೋಟೋ ತೆಗೆದುಕೊಂಡರು.

ಆ ಚಳಿಗಾಲ ಮಿನ್ನೆಸೋಟಾದಲ್ಲಿ ಹಿಮ ವಿಪರೀತ ಬಿತ್ತು. ಏಪ್ರಿಲ್‌ನಲ್ಲಿ ಅದು ಕರಗುವ ಹೊತ್ತಿಗೆ ಮಳೆಯೂ ಸೇರಿತು. ಶನಿವಾರ ಹವಾಮಾನ ಇಲಾಖೆ ಹೇಳಿದ್ದು, ನಮ್ಮ ಲೆಕ್ಕದಲ್ಲಿ: ಆರು ದಿನದಲ್ಲಿ ನೀರು ತೊಂಬತ್ತಮೂರಕ್ಕಿಂತ ಮೂರಡಿ ಕೆಳಗೆ ಬಂದು ನಿಲ್ಲುತ್ತದೆ.

ಫ್ರಂಟ್ ಸ್ಟ್ರೀಟಿನ ಅಂಗಡಿಯವರು ನಮ್ಮವರಂತೆಯೇ ಮೂಲೆಗೆ ಬಂದರು. ಊರಿನ ಅಭ್ಯಾಸವನ್ನು ಅವರು ಚೆನ್ನಾಗಿಯೇ ಕಲಿತಿದ್ದರು, ಅದೇ ಕೆಟ್ಟದ್ದಾಯಿತು. ಮಿಠಾಯಿ ಅಂಗಡಿಯ ಡೇರಿಲ್ ಲೂಮಿಸ್, ಷಿಕಾಗೋದ ಹೊರವಲಯದಿಂದ ನಾಲ್ಕು ವರ್ಷದ ಹಿಂದೆ ಬಂದವನು, ಮರಗೆಲಸದವರ ಮಡಚುವ ಅಳತೆಪಟ್ಟಿ ತಂದು ಹಿತ್ತಾಳೆಯ ಬಾಣದಿಂದ ಮೂರಡಿ ಕೆಳಕ್ಕೆ ಅಳೆದ. ನೆಲದಿಂದ ಎರಡಡಿ ಉಳಿಯಿತು.

"ಮಂಡಿವರೆಗೆ ಅಷ್ಟೇ!" ಎಂದು ಉಳಿದವರಿಗೆ ಕೂಗಿ ಹೇಳಿದ. "ಎಲ್ಲಾನೂ ಮೇಜಿನ ಮೇಲಿಟ್ರೆ ಸಾಕು. ಬಾಗಿಲಿಗೆ ಎರಡು ಸಾಲು ಮರಳುಚೀಲ."

ಸೇತುವೆಯಿಂದ ಬರುತ್ತಿದ್ದ ಲೀಲಂಡ್ ಅಲ್ಲೇ ನಿಂತ.

"ಅದು ಎದೆಮಟ್ಟ ಬರತ್ತೆ ಕಣಯ್ಯ. ನಾಲ್ಕೂವರೆ ಅಡಿ. ಮೇಜು ತೇಲತ್ತೆ."

"ಬಂದ್ರು ನೋಡಿ ನಮ್ಮ ಪಂಡಿತರು," ಎಂದ ಲೂಮಿಸ್. "ಕೆಲಸ ಹೋಯ್ತು ಅಂತ ಊರನ್ನೇ ಮುಳುಗಿಸ್ತೀರಾ?"

"ನಿನ್ನ ಮುಳುಗಿಸೋಕೆ ನಾನು ಬೇಕಾ? ನಿನ್ನ ಅಳತೆಪಟ್ಟಿ ಸಾಕು."

"ಹೋಗಿ ತಾತ, ಮನೆಗೆ ಹೋಗಿ ಬಿಸಿ ಸೂಪ್ ಕುಡೀರಿ."

ಕೊರಿನ್ ಅವನಿಗೆ ಬಾಗಿಲು ತೆಗೆಯಲಿಲ್ಲ. ಹಾಗಾಗಿ ಅವನು ನನ್ನ ಮನೆಗೆ ಬಂದ. ಐವತ್ತು ವರ್ಷದಲ್ಲಿ ಅದೇ ಮೊದಲು.

"ಆಗ್ನೆಸ್, ನಿನ್ನ ಮಂಡಳಿ ಸೇರಿಸು. ಆ ಫಲಕ ಕಿತ್ತು ಕಲ್ಲು ವಾಪಸ್ ಹಾಕ್ಸು."

"ಮಂಡಳಿ ಸೇರೋಕೆ ಹತ್ತು ದಿನದ ನೋಟಿಸ್ ಬೇಕು."

"ನದಿ ಆರು ದಿನದ್ದು ಕೊಟ್ಟಿದೆ."

"ನಿನ್ನ ಅಳತೆ ಸರಿ ಅನ್ನೋಕೆ ಏನಿದೆ? ಕಲ್ಲು ಕಿತ್ತಾಗಿದೆ. ಗೋಡೆ ಹೊಸದು."

"ಕಮಾನು ಹಳೇದು. ಅದರ ಬುಡದಿಂದ ನಾಲ್ಕು ಇಟ್ಟಿಗೆ. ನೀನು ಕೈ ಎತ್ತೋ ಮೊದಲು ಆ ಗೋಡೆ ನೋಡಿದ್ಯಾ?"

ನೋಡಿರಲಿಲ್ಲ. ಕಪಾಟಿನಿಂದ ಶಾಲೆಯ ಹಳೆಯ ಫೋಟೋ ಸಂಪುಟ ತೆಗೆದೆ. ತೊಂಬತ್ತನಾಲ್ಕರಲ್ಲಿ ನನ್ನ ತರಗತಿ ಬೀಜದಂಗಡಿಯ ಮುಂದೆ ನಿಂತ ಚಿತ್ರವಿತ್ತು. ಭೂತಗನ್ನಡಿ ಹಿಡಿದು ಇಟ್ಟಿಗೆ ಎಣಿಸಿದೆ. ನಾಲ್ಕು. ಎರಡನೆಯ ಸಲವೂ ನಾಲ್ಕು. ಸಾಲಿನ ಅತಿ ಎತ್ತರದ ಹುಡುಗನ ತಲೆಗಿಂತ ಗೆರೆ ಒಂದು ಮೊಳ ಮೇಲಿತ್ತು.

"ಈಗ ಏನು ಮಾಡ್ತೀಯ?" ಎಂದೆ.

"ಪ್ರತಿ ಬಾಗಿಲ ಮೇಲೂ ತೊಂಬತ್ತಮೂರರ ಗೆರೆ ಬಳೀತೀನಿ. ಕೆಂಪು ಬಣ್ಣದಲ್ಲಿ."

"ಅದು ಪಾರಂಪರಿಕ ಬೀದಿ. ಅಲ್ಲಿ ಬಣ್ಣ ಬಳಿಯೋದು ಅಪರಾಧ."

"ಗೊತ್ತು. ಆ ನಿಯಮ ಬರೆದೋಳು ನೀನೇ ಅಲ್ವಾ?"

"ಮುನ್ಸೂಚನೆ ಮೂರಡಿ ಕೆಳಗೆ ಅಂತಿದೆ. ಅಷ್ಟಕ್ಕೇ ಗೆರೆ ಎಳೆದ್ರೆ ಜನಕ್ಕೆ ಸುಲಭ."

"ಮುನ್ಸೂಚನೆ ನಾಳೆ ಬದಲಾಗತ್ತೆ. ತೊಂಬತ್ತಮೂರು ಬದಲಾಗಲ್ಲ. ಅಲ್ಲಿಂದ ಇಳಿಸ್ಕೊಳ್ಳೋದು ಎಲ್ಲರಿಗೂ ಗೊತ್ತು."

ಒಂದು ಬಾಗಿಲಿನ ಮಟ್ಟವನ್ನು ಇನ್ನೊಂದಕ್ಕೆ ಒಯ್ಯಲು ಅವನ ಬಳಿ ಗಾರೆಯವರ ಉಪಾಯವಿತ್ತು: ನೀರು ತುಂಬಿದ ಉದ್ದನೆಯ ಪಾರದರ್ಶಕ ಕೊಳವೆ. ಒಂದು ತುದಿಯ ನೀರನ್ನು ಹಳೆಯ ಗೆರೆಯಿದ್ದ ಎತ್ತರಕ್ಕೆ ಹಿಡಿದರೆ ಇನ್ನೊಂದು ತುದಿಯಲ್ಲೂ ನೀರು ಅದೇ ಎತ್ತರಕ್ಕೆ ನಿಲ್ಲುತ್ತದೆ. ಇಳಿಜಾರು ಬೀದಿಗೆ ಇದಕ್ಕಿಂತ ನಂಬಿಕೆಯ ಸಾಧನ ಇಲ್ಲ. ಆದರೆ ಅದಕ್ಕೆ ಇಬ್ಬರು ಬೇಕು. ಅವನಿಗೆ ಸ್ನೇಹಿತರಿರಲಿಲ್ಲ. ಸೋಮವಾರ ಬೆಳಿಗ್ಗೆ ಇನ್ನೊಂದು ತುದಿಯನ್ನು ನಾನು ಹಿಡಿದೆ.

"ಕೈ ಅಲ್ಲಾಡಿಸ್ಬೇಡ," ಎಂದು ಗದರಿದ.

"ಅಲ್ಲಾಡ್ತಿರೋದು ನೀರು."

"ನೀರು ಸುಮ್ಮನೆ ಅಲ್ಲಾಡಲ್ಲ."

ಇಪ್ಪತ್ತೆರಡು ಬಾಗಿಲು. ಅಂಗಡಿಯವರು ಹೊರಗೆ ಬಂದು ಬೈದರು. ಮೇಣದಬತ್ತಿಯ ಹೆಂಗಸು ತನ್ನ ಕೆನೆಬಣ್ಣದ ಚೌಕಟ್ಟಿನ ಮೇಲೆ ಕೆಂಪು ಬಿದ್ದದ್ದನ್ನು ಕಂಡು ಅಳಲು ಶುರುಮಾಡಿದಳು. "ಕಣ್ಣೀರು ಆಮೇಲೆ ಹಾಕಮ್ಮ, ಮೊದಲು ಪೆಟ್ಟಿಗೆ ಮೇಲಕ್ಕೆ ಹಾಕು," ಎಂದ ಲೀಲಂಡ್. ಒಂದು ಒಳ್ಳೆಯ ಮಾತನ್ನು ಒಳ್ಳೆಯದಾಗಿ ಹೇಳುವುದು ಅವನಿಗೆ ಸಾಧ್ಯವಿರಲಿಲ್ಲ. ಹೇಳಿದ್ದರೆ ಇನ್ನೂ ನಾಲ್ಕು ಅಂಗಡಿಯವರಾದರೂ ಕೇಳುತ್ತಿದ್ದರೇನೋ.

ಹದಿನಾಲ್ಕನೆಯ ಬಾಗಿಲ ಹತ್ತಿರ ಊರಿನ ಪೊಲೀಸಿನವನು ಬಂದು ದಂಡದ ಚೀಟಿ ಬರೆದು ಕೊಟ್ಟ. ಲೀಲಂಡ್ ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಹದಿನೈದನೆಯದಕ್ಕೆ ಏಣಿ ಒಯ್ದ. ಏಣಿಯ ಮೇಲಿರುವ ಎಪ್ಪತ್ತೊಂದರ ಮುದುಕನನ್ನು ಹೇಗೆ ಇಳಿಸುವುದೆಂದು ಪೊಲೀಸಿನವನಿಗೆ ತಿಳಿಯಲಿಲ್ಲ. ನನ್ನ ಕಡೆ ನೋಡಿದ. ಅವನೂ ನನ್ನ ವಿದ್ಯಾರ್ಥಿಯೇ.

"ಟೀಚರ್, ನೀವೂನಾ?"

"ನನಗೂ ಒಂದು ಚೀಟಿ ಬರಿ," ಎಂದೆ. ಬರೆಯದೆ ಹೋದ.

ಒಂಬತ್ತು ಅಂಗಡಿಯವರು ಗೊಣಗುತ್ತಲೇ ಸಾಮಾನನ್ನು ಮಹಡಿಗೆ ಸಾಗಿಸಿದರು. ಹದಿಮೂರು ಜನ ಸಾಗಿಸಲಿಲ್ಲ. ಲೂಮಿಸ್ ತನ್ನ ಬಾಗಿಲ ಮೇಲಿನ ಗೆರೆಯನ್ನು ತಿನ್ನರ್ ಹಾಕಿ ಒರೆಸಿ, ಆ ಚಿಂದಿಬಟ್ಟೆಯನ್ನು ಲೀಲಂಡನ ಕಾಲ ಬಳಿ ಎಸೆದ.

ಶುಕ್ರವಾರ ಮಧ್ಯಾಹ್ನ ನೀರು ಬೀದಿಗೆ ಬಂತು. ಶನಿವಾರ ಬೆಳಿಗ್ಗೆ ಕೆಂಪು ಗೆರೆಗಳಿಂದ ಮೂರಡಿ ಎರಡು ಇಂಚು ಕೆಳಗೆ ನಿಂತಿತು, ಐದು ದಿನ ನಿಂತೇ ಇತ್ತು. ಲೂಮಿಸನ ಮೇಜುಗಳು ಮಿಠಾಯಿ ಡಬ್ಬಗಳ ಸಮೇತ ತೇಲಿ ಕಿಟಕಿ ಒಡೆದುಕೊಂಡು ಹೊರಗೆ ಬಂದವು. ಕೊರಿನ್ ಮಾರಲಿಟ್ಟಿದ್ದ ಅಂಗಿಗಳು, ಚಿತ್ರದ ಕಾರ್ಡುಗಳು ಮಣ್ಣಿನ ಗಂಜಿಯಾದವು. ಗಾಜಿನ ಪೆಟ್ಟಿಗೆಯಲ್ಲಿದ್ದ ತೊಂಬತ್ತಮೂರರ ಕಲ್ಲು ಪೆಟ್ಟಿಗೆಯೊಳಗೇ ಮುಳುಗಿತು.

ಸಾಮಾನು ಉಳಿಸಿಕೊಂಡ ಒಂಬತ್ತು ಜನರಲ್ಲಿ ಯಾರಾದರೂ ಅವನ ಮನೆಗೆ ಹೋಗಿ ಎರಡು ಮಾತು ಹೇಳಬಹುದೆಂದು ನಾನು ಕಾದೆ. ಯಾರೂ ಹೋಗಲಿಲ್ಲ. ಬಾಗಿಲ ಬಣ್ಣ ಹೋಗುತ್ತಿಲ್ಲವೆಂದು ಇಬ್ಬರು ಮಂಡಳಿಗೆ ದೂರು ಬರೆದರು. ಕಳೆದುಕೊಂಡ ಹದಿಮೂರು ಜನರ ವಾದ ಬೇರೆ. ಊಟದ ಹೋಟೆಲಿನಲ್ಲಿ ಲೂಮಿಸ್ ಎಲ್ಲರಿಗೂ ಕೇಳುವಂತೆ ಹೇಳಿದ:

"ಅಷ್ಟು ಗೊತ್ತಿದ್ದೋನು ಮನುಷ್ಯರ ಥರ ಹೇಳ್ಬಾರ್ದಿತ್ತಾ? ನಾವು ಕೇಳ್ಬಾರ್ದು ಅಂತಾನೇ ಹಾಗೆ ಹೇಳಿದ್ದು. ನೀರು ಬರ್ಲಿ ಅಂತ ಕಾಯ್ತಿದ್ದ."

ಪಕ್ಕದ ಮೇಜಿನಲ್ಲಿ ಮೊಟ್ಟೆ ತಿನ್ನುತ್ತಿದ್ದ ಲೀಲಂಡ್ ತಟ್ಟೆಯಿಂದ ತಲೆ ಎತ್ತಲಿಲ್ಲ. "ಹೌದು, ಕಾಯ್ತಿದ್ದೆ," ಎಂದ. "ಮೂರಡಿ ಅಂದಿದ್ರು. ಎರಡು ಇಂಚು ಕಮ್ಮಿ ಬಂತು. ನಿನ್ನ ಅದೃಷ್ಟ."

ಜೂನ್‌ನಲ್ಲಿ ಮಂಡಳಿ ಸೇರಿತು. ಎರಡು ವಿಷಯ: ಬಣ್ಣದ ದಂಡ, ಫಲಕ. ದಂಡದ ಪರವಾಗಿ ಏಳೂ ಕೈ ಎದ್ದವು, ನನ್ನದೂ ಎದ್ದಿತು. ನಿಯಮ ಮುರಿದದ್ದು ನಿಜ. ಲೀಲಂಡ್ ನನ್ನ ಕೈಯನ್ನೇ ದಿಟ್ಟಿಸಿದ. ಬಳಿಯುವಾಗ ಕೊಳವೆ ಹಿಡಿದವಳು ನಾನು, ನನ್ನ ಹೆಸರನ್ನೂ ಸೇರಿಸಿ ಎಂದೆ. ಅಧ್ಯಕ್ಷರು ಕೆಮ್ಮಿ ಮುಂದಿನ ವಿಷಯಕ್ಕೆ ಹೋದರು.

ಫಲಕದ ವಿಷಯದಲ್ಲಿ ಕೊರಿನ್ ಒಂದು ರಾಜಿ ತಂದಿದ್ದಳು.

"ಫಲಕ ಅಲ್ಲೇ ಇರ್ಲಿ. ಕೆಳಗೆ ಸಣ್ಣದಾಗಿ ಒಂದು ಸಾಲು ಬರೆಸೋಣ, ನಿಜವಾದ ಮಟ್ಟ ಇದಕ್ಕಿಂತ ಎರಡೂವರೆ ಅಡಿ ಮೇಲೆ ಅಂತ. ಎಲ್ಲರಿಗೂ ಸಮಾಧಾನ."

ಮೂವರು ಸದಸ್ಯರು ಆಗಲೇ ತಲೆಯಾಡಿಸುತ್ತಿದ್ದರು. ನಮ್ಮಲ್ಲಿ ರಾಜಿ ಎಂಬ ಮಾತು ಕಿವಿಗೆ ಬಿದ್ದರೆ ಜನ ಟೋಪಿ ಎತ್ತಿಕೊಂಡು ಮನೆಗೆ ಹೊರಡುತ್ತಾರೆ.

ಲೀಲಂಡ್ ಎದ್ದು ನಿಂತ. "ಮಳೇಲಿ ನಿಂತು ಸಣ್ಣ ಅಕ್ಷರ ಯಾರಮ್ಮ ಓದ್ತಾರೆ? ಜನ ಗೆರೆ ನೋಡ್ತಾರೆ, ಓಡ್ತಾರೆ. ನೀನೇ ಓದ್ಲಿಲ್ಲ, ನಾನು ಏಳು ಕಾಗದ ಬರೆದ್ರೂ."

ಕಲ್ಲನ್ನು ಮೊದಲಿದ್ದ ಎತ್ತರಕ್ಕೆ ಮರಳಿಸಬೇಕೆಂದು ನಾನು ಸೂಚಿಸಿದೆ. ಹಿಂದೆ ಕೈ ಎತ್ತಿದ್ದು ನನ್ನ ತಪ್ಪು ಎಂದು ನಡಾವಳಿಯಲ್ಲಿ ಬರೆಸಿದೆ. ನಾಲ್ಕು ಕೈ ಪರ, ಮೂರು ವಿರುದ್ಧ.

ಜುಲೈನಲ್ಲಿ ಗಾರೆಯವನು ಬಂದು ಕಲ್ಲು ಕೂರಿಸಿದ. ಲೀಲಂಡ್ ಕೆಳಗೆ ನಿಂತು "ಇನ್ನೂ ಒಂದು ಬೆರಳು ಮೇಲೆ, ಒಂದು ಬೆರಳು ಅಂದೆ, ಅದು ಎರಡು" ಎಂದು ಆ ಗಾರೆಯವನ ತಲೆ ತಿಂದ. ಕೊರಿನ್ ಬಾಗಿಲಲ್ಲಿ ಕೈಕಟ್ಟಿ ನಿಂತು ನೋಡುತ್ತಿದ್ದಳು. ಗಾರೆಯವನು ಏಣಿ ಇಳಿದ ಮೇಲೆ ಅವಳು ಎರಡು ಹೆಜ್ಜೆ ಮುಂದೆ ಬಂದಳು.

"ಹಡಗಿನವರು ನಿಮ್ಮನ್ನ ಕೇಳ್ತಿದಾರೆ. ಬಣ್ಣ ಬಳಿದ ಮುದುಕ ಎಲ್ಲಿ ಅಂತ. ಬರೋದಾದ್ರೆ ಮಂಗಳವಾರದಿಂದ ಬನ್ನಿ."

"ಆ ಹಿತ್ತಾಳೆ ಏನು ಮಾಡಿದೆ?"

"ಒಳಗೆ ಹಾಕಿದೀನಿ. ಫೋಟೋಗೆ."

"ಐದಡಿಗೆ?"

"ಐದಡಿಗೆ. ಅದು ನನ್ನ ಅಂಗಡಿ ಗೋಡೆ ಲೀಲಂಡ್. ನಿಮ್ಮ ನದಿ ಹೊರಗಿದೆ."

"ಹಾಗಾದ್ರೆ ನಾನೂ ಹೊರಗೇ ಇರ್ತೀನಿ," ಎಂದು ಅವನು ಕೊಳವೆ ಸುತ್ತಿಕೊಂಡು ಹೊರಟ. ಅವರಿಬ್ಬರ ನಡುವೆ ಅದೇ ಕೊನೆಯ ಮಾತು. ಲೂಮಿಸ್ ಅಂಗಡಿ ಮಾರಿ ಹೋದ. ಆ ಜಾಗಕ್ಕೆ ಬಂದ ಬೇಕರಿಯವರಿಗೆ ಮೊದಲ ವಾರದಲ್ಲೇ ಯಾರೋ ಲೀಲಂಡನನ್ನು ತೋರಿಸಿ, ಅವನಿಂದ ದೂರ ಇರಿ ಎಂದು ಬುದ್ಧಿ ಹೇಳಿದರು.

ಈ ವರ್ಷ ಏಪ್ರಿಲ್‌ನಲ್ಲಿ ನೀರು ಮತ್ತೆ ಏರಿತು. ಇಲಾಖೆ ತೊಂಬತ್ತಮೂರಕ್ಕಿಂತ ನಾಲ್ಕಡಿ ಕೆಳಗೆ ಎಂದಿತು. ಬೆಳಿಗ್ಗೆ ಎಂಟಕ್ಕೆ ಫ್ರಂಟ್ ಸ್ಟ್ರೀಟಿನವರೆಲ್ಲ ಮೂಲೆಯಲ್ಲಿ ಸೇರಿ ಕತ್ತು ಮೇಲೆತ್ತಿ ಕಲ್ಲನ್ನು ನೋಡಿದರು, ಕೋಲು ಹಿಡಿದು ನಾಲ್ಕಡಿ ಇಳಿಸಿದರು. ಲೀಲಂಡ್ ಸೇತುವೆಯಿಂದ ಬಂದು ಅವರ ಹಿಂದೆಯೇ ನಿಂತಿದ್ದ. ಯಾರೂ ಅವನನ್ನು ಮಾತಾಡಿಸಲಿಲ್ಲ, ಅವನೂ ಯಾರನ್ನೂ ಮಾತಾಡಿಸಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಬೇಕರಿಯವರು ಹಿಟ್ಟಿನ ಮೂಟೆಗಳನ್ನು ಮಹಡಿಗೆ ಹೊರತೊಡಗಿದರು.